ಡೈನಮೋ ಚಿಕ್ಕಮ್ಮ ಮತ್ತು ಕೆಂಪು ದೀಪ

ಬೀದಿಯ ಗ್ಯಾರೇಜುಗಳೆಲ್ಲ ಕೈಚೆಲ್ಲಿದ ಗಾಡಿಗಳು ಕೊನೆಗೆ ಬಂದು ನಿಲ್ಲುವುದು ಡೈನಮೋ ಚಿಕ್ಕಮ್ಮನ ತಗಡಿನ ಶೆಡ್ಡಿನ ಮುಂದೆ. ಹಾಗೆ ನೋಡಿದರೆ ಆಕೆ ಯಾರಿಗೂ ಚಿಕ್ಕಮ್ಮನಲ್ಲ. ಗಂಡನ ಪಕ್ಕ ಕೂತು ತಾಮ್ರದ ತಂತಿ ಸುತ್ತುತ್ತಲೇ ಕೆಲಸ ಕಲಿತು, ಅವನಿಗೆ ಕೈ ನಡುಕ ಬಂದ ಮೇಲೆ ತಾನೇ ಸ್ಕ್ರೂಡ್ರೈವರ್ ಹಿಡಿದವಳು. ಇಪ್ಪತ್ತು ವರ್ಷವಾಯಿತು. ಗಂಡ ಈಗಲೂ ಕುರ್ಚಿಯಿಂದಲೇ ಸಲಹೆ ಕೊಡುತ್ತಾನೆ. ಆಕೆ ‘ಹೂಂ’ ಅನ್ನುತ್ತಾಳೆ, ಮಾಡುವುದು ಮಾತ್ರ ತನಗೆ ತೋಚಿದ್ದನ್ನೇ.

ಆ ಮಧ್ಯಾಹ್ನ ಬಂದ ವ್ಯಾನ್ ಡ್ರೈವರನ ಮುಖದಲ್ಲಿ ಕಳೆಯೇ ಇರಲಿಲ್ಲ. ಮುಂದಿನ ಸೀಟಿನಲ್ಲಿ ಅವನ ಅಕ್ಕ ಕೂತಿದ್ದಳು. ನಾಲ್ಕಕ್ಕೆ ಅವಳಿಗೆ ಡಯಾಲಿಸಿಸ್. ಒಂದು ಸರದಿ ತಪ್ಪಿದರೂ ಉಸಿರಾಡುವುದೇ ಕಷ್ಟ. ಬೇರೆ ಗಾಡಿ ಎಲ್ಲೂ ಸಿಕ್ಕಿರಲಿಲ್ಲ. ಚಾರ್ಜ್ ಮಾಡಿಸಿದ ಬ್ಯಾಟರಿ ಎರಡು ಸಲವೂ ದಾರಿಯಲ್ಲಿ ಕೈಕೊಟ್ಟಿತ್ತು. ಗಾಡಿ ಓಡುವಾಗ ಬ್ಯಾಟರಿ ತುಂಬಿಸುವ ಡೈನಮೋ ಸತ್ತಿದೆ, ಹೊಸದು ಬರಲು ಮೂರು ದಿನ ಎಂದು ಮೆಕ್ಯಾನಿಕ್ ಹೇಳಿ ಕೈತೊಳೆದುಕೊಂಡಿದ್ದ.

ಚಿಕ್ಕಮ್ಮ ಬೆಲ್ಟ್ ಒತ್ತಿ ನೋಡಿದಳು. ಬಿಗಿಯಾಗಿತ್ತು. ಕೀ ತಿರುಗಿಸಲು ಹೇಳಿ ಸ್ಕ್ರೂಡ್ರೈವರ್ ತುದಿಯನ್ನು ಡೈನಮೋದ ಬೆನ್ನಿನ ಹತ್ತಿರ ಹಿಡಿದಳು.

“ಎಳೀತಾನೇ ಇಲ್ವಲ್ಲ! ಕೀ ಹಾಕಿದ ತಕ್ಷಣ ಇದು ಅಯಸ್ಕಾಂತ ಆಗ್ಬೇಕಪ್ಪ.”

ಬ್ಯಾಟರಿಯಿಂದ ಒಂದು ಬಲ್ಬಿನ ಮೂಲಕ ಡೈನಮೋದ ಸಣ್ಣ ತಂತಿಗೆ ಕರೆಂಟು ಮುಟ್ಟಿಸಿದಳು. ಟಕ್! ಸ್ಕ್ರೂಡ್ರೈವರ್ ಹೋಗಿ ಅಂಟಿಕೊಂಡಿತು. ಡ್ರೈವರ್ ಬಗ್ಗಿ ನೋಡಿದ.

“ಡೈನಮೋ ಗಟ್ಟಿಮುಟ್ಟಾಗಿದೆ. ಎಬ್ಬಿಸೋರಿಲ್ಲ, ಅಷ್ಟೆ. ಮೀಟರ್ ಹತ್ರ ಒಂದು ಕೆಂಪು ದೀಪ ಇರುತ್ತಲ್ಲ, ಅದೆಲ್ಲಿ?”

ಪುಣ್ಯಾತ್ಮ ತಲೆ ತಗ್ಗಿಸಿದ. ಕೀ ಹಾಕಿದಾಗಲೆಲ್ಲ ಆ ದೀಪ ಕಂಡು, ಗಾಡಿ ಕೆಟ್ಟಿತೇನೋ ಎಂದು ಅಕ್ಕ ಬೆವರುತ್ತಿದ್ದಳು. ನೋಡಲಾರದೆ ಹೋದ ವಾರ ಅವನೇ ಬಲ್ಬು ಕಿತ್ತಿದ್ದ. ಅದಿನ್ನೂ ಜೇಬಿನಲ್ಲೇ ಇತ್ತು, ತೆಗೆದು ತೋರಿಸಿದ.

“ಅಯ್ಯೋ, ಡೈನಮೋಗೆ ಮೊದಲ ಗುಟುಕು ಕರೆಂಟು ಹೋಗೋದೇ ಇದರಿಂದ ಕಣಪ್ಪ! ಆಮೇಲೆ ಅದು ತಾನೇ ಹುಟ್ಟಿಸ್ಕೊಳ್ಳುತ್ತೆ.”

ಅವನು ಅಂಗೈ ಮೇಲಿನ ಬಲ್ಬನ್ನೇ ನೋಡಿದ. ಕಡಲೆಕಾಳಿನಷ್ಟಿತ್ತು. ಇಷ್ಟು ದೊಡ್ಡ ಗಾಡಿ, ಅಕ್ಕನ ಉಸಿರು, ಎಲ್ಲವೂ ಇದನ್ನು ನಂಬಿಕೊಂಡಿತ್ತೇ! ಅದನ್ನು ಚಿಕ್ಕಮ್ಮನ ಕೈಗಿಟ್ಟ.

ಚಿಕ್ಕಮ್ಮ ಬಲ್ಬನ್ನು ಅದರ ಜಾಗಕ್ಕೆ ಕೂರಿಸಿ, ಗಾಡಿ ಸ್ಟಾರ್ಟ್ ಮಾಡಲು ತನ್ನ ಬ್ಯಾಟರಿ ತಗುಲಿಸಿದಳು. ಕೆಂಪು ದೀಪ ಹತ್ತಿತು, ಇಂಜಿನ್ ಎದ್ದಿತು, ದೀಪ ಆರಿತು. ಅವಳ ಮೀಟರಿನ ಮುಳ್ಳು ಹದಿನಾಲ್ಕು ವೋಲ್ಟಿಗೆ ಏರಿ ನಿಂತಿತು; ಬ್ಯಾಟರಿ ಚಾರ್ಜ್ ಆಗತೊಡಗಿತ್ತು.

“ಬೆಲ್ಟ್ ನೋಡಿದ್ಯೇನೇ?” ಕುರ್ಚಿಯಿಂದ ಗಂಡ ಕೂಗಿದ.

“ಹೂಂ.”

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅಕ್ಕ ಆಸ್ಪತ್ರೆಯಲ್ಲಿದ್ದಳು. ಮುಂದಿನ ಸರದಿಗೆ ಹೊರಟ ದಿನ ಅವಳೇ ಕೈ ಚಾಚಿ ಕೀ ತಿರುಗಿಸಿದಳು. ಕೆಂಪು ದೀಪ ಹತ್ತುವುದನ್ನೇ ಕಾದು, “ಹಾಂ, ಇದೆ ಕಣೋ. ಈಗ ಹೊರಡು,” ಅಂದಳು.