ದಾಸವಾಳದ ಲೋಳೆ

ಇವತ್ತು ತಣಿಸಂದ್ರದ ಅಂಗಡಿಯಲ್ಲಿ ಮಗಳು ಕಂಡೀಷನರ್ ಬಾಟಲಿಯ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು. "ದಾಸವಾಳ, ಮೆಂತ್ಯ ಎಲ್ಲಾ ಹಾಕಿದ್ದಾರೆ ನೋಡಮ್ಮಾ." ಆ ವಾಸನೆಗೆ ಅಟ್ಟೂರಿನ ನಮ್ಮ ಹಳೆಯ ಮನೆಯ ಬಚ್ಚಲು ಕಣ್ಣ ಮುಂದೆ ಬಂತು.

ಆಸ್ಪತ್ರೆಯ ಔಷಧಿಗೆ ಅಮ್ಮನ ಕೂದಲೆಲ್ಲ ಉದುರಿಹೋಗಿತ್ತು. ಅಪ್ಪನ ತಾಯಿ, ನಮ್ಮಜ್ಜಿ, ನೆನೆಸಿದ ಮೆಂತ್ಯವನ್ನು ದಾಸವಾಳದ ಎಲೆಯ ಜೊತೆ ಒರಳಲ್ಲಿ ನುಣ್ಣಗೆ ರುಬ್ಬಿ, ಬೆರಳಿಂದ ಜಾರುವ ಆ ಹಸಿರು ಲೋಳೆಯನ್ನು ಅಮ್ಮನ ಬೋಳುತಲೆಗೆ ಸವರುತ್ತಿದ್ದಳು.

"ಬುಡಿ ಅತ್ತೆ, ಇನ್ಯಾಕೆ," ಎಂದು ಅಮ್ಮ ಮುಖ ತಿರುಗಿಸುತ್ತಿದ್ದಳು.

"ಸುಮ್ಕಿರು ತಾಯಿ. ತಲೆ ತಂಪಾದ್ರೆ ಚಿಗುರ್ತದೆ," ಎನ್ನುತ್ತಿದ್ದಳು ಅಜ್ಜಿ.

ನಾನೂ ನಂಬಿದ್ದೆ. ದಿನಾ ಬೆಳಿಗ್ಗೆ ಅಮ್ಮನ ತಲೆ ಸವರಿ ನೋಡುತ್ತಿದ್ದೆ. ಒಂದು ಎಳೆಯೂ ಕೈಗೆ ಸಿಗಲಿಲ್ಲ.

ಅಮ್ಮ ತೀರಿಕೊಂಡ ದಿನ ಹೆಂಗಸರು ಕಡೆಯ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರೆ, ಅಜ್ಜಿ ಒರಳ ಮುಂದೆ ಕೂತು ಎಲೆ ರುಬ್ಬುತ್ತಿದ್ದಳು.

"ಇನ್ಯಾತಕ್ಕವ್ವಾ, ಬುಡು," ಎಂದು ಅಪ್ಪ ಕೈ ಹಿಡಿದರೂ ನಿಲ್ಲಿಸಲಿಲ್ಲ. ಲೋಳೆ ಹಚ್ಚಿ, ತೊಳೆದು, ಸೆರಗಿನಿಂದ ಆ ತಲೆಯನ್ನು ಒರೆಸಿದಳು. ಆಮೇಲೆ ಅತ್ತಳು.

ಅಂಗಡಿಯಿಂದ ಬರುವಾಗ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು, "ನಿಮ್ಮಮ್ಮನ ಕೂದ್ಲು ಹೇಗಿತ್ತು?" ಎಂದು ಕೇಳಿದಳು. ಕಾಯಿಲೆಗೆ ಮುಂಚಿನ ಅಮ್ಮನನ್ನು, ಅವಳ ಜಡೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ.