ಅಟ್ಟದ ತೊಲೆಗೆ ನಾನು ಕೊಟ್ಟ ರಿಯಾಯಿತಿ

ಭಾವ, ಸುಳ್ಯದ ಆ ಗೋದಾಮಿನ ಅಟ್ಟ ಬಾಗಿದ್ದು ನಿಮ್ಮ ಕೈಕೆಲಸದಿಂದಲ್ಲ, ನನ್ನ ಲೆಕ್ಕದಿಂದ. ಗೊತ್ತಿದ್ದೂ ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ.

ಅರುವತ್ತರ ದಶಕ ಅದು — ಉಕ್ಕು ಪರವಾನಗಿಯ ಮೇಲೆ ಸಿಗುತ್ತಿದ್ದ ಕಾಲ. ಓದು ಮುಗಿಸಿ ಪುತ್ತೂರಿಗೆ ಬಂದ ನನಗೆ ಅಡಿಕೆ ಇಡುವ ಆ ಗೋದಾಮಿನ ನಕ್ಷೆಯ ಕೆಲಸ ಸಿಕ್ಕಿತು. ಉಕ್ಕಿನ ತೊಲೆಗಳನ್ನು ಏರಿಸಿ ಜೋಡಿಸುವ ಕೆಲಸ ಅಕ್ಕನ ಗಂಡನಾದ ನಿಮಗೆ. ಭೂಕಂಪವನ್ನೂ ಲೆಕ್ಕಕ್ಕೆ ಸೇರಿಸಬೇಕೆಂಬ ನಿಯಮ ಆಗಷ್ಟೇ ಬಂದಿತ್ತು. ಅದರಲ್ಲೊಂದು ರಿಯಾಯಿತಿ: ನೆಲ ನಡುಗುವ ಆ ಗಳಿಗೆಗೆ ಮಾತ್ರ ಉಕ್ಕು ಎಂದಿಗಿಂತ ಮೂರನೆಯ ಒಂದು ಪಾಲು ಹೆಚ್ಚು ಒತ್ತಡ ತಾಳುತ್ತದೆಂದು ಹಿಡಿಯಬಹುದು. ನಡುಕ ಕ್ಷಣದ್ದು, ಬಂದು ಹೋಗುವಂಥದ್ದು — ಅದಕ್ಕೇ ಆ ಉದಾರತೆ.

ಆ ರಿಯಾಯಿತಿಯನ್ನು ನಾನು ಅಟ್ಟದ ಮೇಲೆ ಪೇರಿಸುವ ಅಡಿಕೆ ಗೋಣಿಗಳ ಭಾರಕ್ಕೂ ಕೊಟ್ಟೆ. ಗೋಣಿಯೂ ಬಂದು ಹೋಗುವುದೇ ತಾನೆ ಎಂದುಕೊಂಡೆ — ಅದೂ ಅಡಿಕೆ ತೋಟಗಳ ಊರಾದ ಆಲೆಟ್ಟಿಯಲ್ಲಿ ಹುಟ್ಟಿದವ ನಾನು. ಒಳ್ಳೆಯ ಧಾರಣೆ ಬರುವ ತನಕ ನಮ್ಮವರು ಅಡಿಕೆ ಬಿಡುವುದಿಲ್ಲ, ಎರಡು ಮಳೆಗಾಲ ಬೇಕಾದರೂ ಕಾಯುತ್ತಾರೆ ಎಂದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕಿತ್ತು? ಆ ಲೆಕ್ಕದಿಂದ ತೊಲೆ ಸಪೂರವಾಯಿತು. ಉಕ್ಕು ಉಳಿಸಿದ ಜಾಣ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆ ಸಿಹಿಯಾಗಿತ್ತು.

ಮರುವರ್ಷ ಅಟ್ಟದ ನಡು ತಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ಲೆಕ್ಕವನ್ನು ಮತ್ತೆ ನೋಡಿದೆ, ತಪ್ಪು ಕಂಡಿತು. ಹೇಳಬೇಕೆಂದೇ ಹೊರಟಿದ್ದೆ. ಅಷ್ಟರಲ್ಲಿ ಗೋದಾಮಿನ ಯಜಮಾನರು ಎಲ್ಲರೆದುರು ನಿಮ್ಮನ್ನು ಕೇಳಿದರು: “ಎಂತ ಕುಶಾಲಪ್ಪ, ಬೋಲ್ಟು ಬಿಗಿ ಮಾಡುವಾಗ ನಿದ್ದೆ ಬಂದಿತ್ತಾ ಮಾರಾಯ? ಅಲ್ಲ, ನಿನ್ನ ಭಾವಮೈದನ ಲೆಕ್ಕವೇ ತಪ್ಪಾ?”

ನೀವು ನನ್ನ ಕಡೆ ನೋಡಲೂ ಇಲ್ಲ. “ಅವ ಓದಿದವ. ಅವನ ಲೆಕ್ಕ ತಪ್ಪುದಿಲ್ಲ. ನನ್ನ ಕೈಯಲ್ಲೇ ಎಲ್ಲೋ ಹೆಚ್ಚುಕಮ್ಮಿ ಆಗಿರ್ಬೇಕು” ಅಂದಿರಿ.

ನಾನು ಕೈಯಲ್ಲಿದ್ದ ಲೆಕ್ಕದ ಹಾಳೆಯನ್ನು ಮಡಚಿ ಕಿಸೆಗೆ ಹಾಕಿದೆ. ನಿಮ್ಮ ಆ ನಂಬಿಕೆಯ ಹಿಂದೆ — ಅಡಗಿಕೊಂಡೆ.

ಆಮೇಲೆ ತೊಲೆ ಏರಿಸಲು ನಿಮ್ಮನ್ನು ಯಾರೂ ಕರೆಯಲಿಲ್ಲ. ಕೊಯಿಲದ ಜಾನುವಾರು ಫಾರ್ಮಿನಲ್ಲಿ ದನ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಿರಿ. ಒಮ್ಮೆಯೂ ಮುಖ ಸಣ್ಣ ಮಾಡಲಿಲ್ಲ. ನಾನು ಬಂದಾಗಲೆಲ್ಲ, “ಇಂಜಿನಿಯರು ಬಂದ್ರು, ದನಗಳೇ, ಎದ್ದು ನಿಲ್ಲಿ” ಎಂದು ತಮಾಷೆ. ಹಾಲಿನ ಕೆನೆ ನನ್ನ ಲೋಟಕ್ಕೆ. ಅದನ್ನೂ ಕುಡಿದು ಎದ್ದು ಬರುತ್ತಿದ್ದೆ, ಭಾವ.

ನಿನ್ನೆ ಆ ಯಜಮಾನರ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಭಾನುವಾರ ನಿಮ್ಮಲ್ಲಿಗೆ ಬರುತ್ತೇನೆ. ನಿಮ್ಮ ಮುಂದೆ, ಅಕ್ಕನ ಮುಂದೆ ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಹೇಳಿ ಮುಗಿಯುವ ತನಕ ಅಕ್ಕ ನನಗೆ ಊಟಕ್ಕೆ ಎಲೆ ಹಾಕುವುದು ಬೇಡ. ಆಮೇಲೆ — ಹಾಕುವುದೂ ಬಿಡುವುದೂ ನಿಮ್ಮ ಮನಸ್ಸು.