ಗೋಡೆಯ ಮೇಲಿನ ಮಸಿ

ಮೊನ್ನೆ ಮಧ್ಯಾಹ್ನ ಬೆಳಗಾವಿಯ ನಮ್ಮ ವಡಗಾವಿಯಲ್ಲಿ ಕರೆಂಟ್ ಹೋಯಿತು. ಪಕ್ಕದ ಮನೆಯ ಮಗ್ಗಗಳೂ ನಿಂತವು. ನನ್ನ ಆಫೀಸಿನ ಕೋಣೆಗೆ ಕಿಟಕಿಯಿಲ್ಲ, ಮೇಣದಬತ್ತಿ ಹಚ್ಚಿ ಕೂತೆ. ಕರೆಂಟ್ ಬಂದ ಮೇಲೆ ಊದಿ ಆರಿಸಿದೆ. ಆ ಸುಟ್ಟ ಬತ್ತಿಯ ವಾಸನೆಗೆ ಖಾನಾಪುರದ ಅಜ್ಜ ನೆನಪಾದರು...

ಬಳಗದವರಲ್ಲ, ಅಲ್ಲಿಯ ಹಳೆಯ ಚಾಪೆಲ್ಲಿನ, ಅಂದರೆ ಪುಟ್ಟ ಚರ್ಚಿನ ಕೀಲಿ ಅವರ ಹತ್ತಿರ ಇರುತ್ತಿತ್ತು. ದುರಸ್ತಿ ನಡೆದಿತ್ತು, ಅದಕ್ಕೊಂದು ವೆಬ್‌ಸೈಟ್ ಮಾಡಲು ನಾನು ಹೋಗಿದ್ದೆ. ಅಜ್ಜ ಮೊದಲು ತೋರಿಸಿದ್ದು ಯೇಸುವಿನ ತಾಯಿ ಮರಿಯಮ್ಮನ ಗೂಡಿನ ಪಕ್ಕದ ಕಪ್ಪು ಗೋಡೆಯನ್ನು. ಹೆರಿಗೆಗೆ ಮುಂಚೆ ಊರಿನ ಹೆಂಗಸರು ಅಲ್ಲಿ ಬತ್ತಿ ಹಚ್ಚುತ್ತಿದ್ದರಂತೆ, ನಮ್ಮಂಥ ವಿಭೂತಿ ಹಚ್ಚುವ ಮನೆಯವರೂ ಕೂಡ. ತೀರಿಕೊಂಡ ಅವರ ಹೆಂಡತಿ ಮೂರು ಸಲ ಹಚ್ಚಿದ್ದರು. ಆಕೆಯದೊಂದು ಫೋಟೊ ಕೂಡ ಮನೆಯಲ್ಲಿಲ್ಲ, ಈ ಮಸಿ ಇದೆ ಅಂದರು. ನಾನು ಹ್ಞೂಂಗುಟ್ಟಿ, ಫೋಟೊ ತೆಗೆದು, ಚಹಾ ಕುಡಿದು ಬೆಳಗಾವಿ ಬಸ್ಸು ಹತ್ತಿದೆ.

ಕಂಪ್ಯೂಟರಿನಲ್ಲಿ ಆ ಮಸಿ ಹೊಲಸಾಗಿ ಕಂಡಿತು. ನನ್ನದು ಅತಿ ಜಾಣತನ. ಫೋಟೊದಲ್ಲಿ ಅದನ್ನು ಒರೆಸಿ ಹಾಕಿದೆ. ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ. ಸುಣ್ಣದ ಕೆಲಸದವರಿಗೆ ಯಾರೋ ಅದೇ ಫೋಟೊ ತೋರಿಸಿ, ಗೋಡೆ ಹೀಗಿರಬೇಕು ಅಂದರಂತೆ. ಅವರು ಮಸಿ ಕೆರೆದು ಸುಣ್ಣ ಬಳಿದರು.

ಅಜ್ಜ ಫೋನ್ ಮಾಡಿ ಬೈಯುತ್ತಾರೆಂದು ಕಾದೆ. ಮಾಡಲಿಲ್ಲ. ಕೊನೆಗೆ ನಾನೇ ಹೋದೆ. ಅವರು ಹೊಸ ಸುಣ್ಣದ ಗೋಡೆಗೆ ತಾಗುವಂತೆ ಒಂದು ಬತ್ತಿ ಹಚ್ಚಿಡುತ್ತಿದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಅಜ್ಜಾರ, ತಪ್ಪು ನಂದ್ರೀ," ಅಂದೆ.

"ಸುಣ್ಣ ಒಂದ ದಿನದಾಗ ಹಚ್ಚತಾರ, ತಂಗಿ. ಮಸಿ ಹತ್ತಾಕ ಭಾಳ ಮಂದಿ ಬೇಕು," ಅಂದರು. ಬತ್ತಿಯನ್ನು ಗೋಡೆಗೆ ಇನ್ನಷ್ಟು ಸರಿಸಿ, "ನಾ ಶುರು ಮಾಡೇನಿ," ಅಂದರು.

ದಿನಕ್ಕೊಂದು ಬತ್ತಿ. ವರ್ಷ ತುಂಬುವ ಮೊದಲೇ ಅಜ್ಜ ಹೋಗಿಬಿಟ್ಟರು. ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಇದೆ.

ಮೊನ್ನೆ ಕರೆಂಟ್ ಬಂದ ಮೇಲೆ ಆ ವೆಬ್‌ಸೈಟ್ ತೆರೆದೆ. ನಾನು ಬೆಳ್ಳಗೆ ಮಾಡಿದ ಫೋಟೊ ಇನ್ನೂ ಅಲ್ಲೇ ಇತ್ತು. ಒರೆಸುವುದಕ್ಕೆ ಮುಂಚಿನದು ನನ್ನ ಹತ್ತಿರ ಉಳಿದಿತ್ತು, ಅದನ್ನು ಹಾಕಿದೆ. ನಿನ್ನೆ ಖಾನಾಪುರಕ್ಕೂ ಹೋಗಿಬಂದೆ. ಸುಣ್ಣದ ಮೇಲೆ ಅಂಗೈಯಗಲದ ಮಸಿ ಕೂತಿದೆ, ಅಜ್ಜನದು. ಅದರ ಪಕ್ಕದಲ್ಲಿ ನಾನೂ ಒಂದು ಬತ್ತಿ ಹಚ್ಚಿದೆ. ನನಗೀಗ ಏಳು ತಿಂಗಳು. ಹೇಳೋಣವೆಂದರೆ ಅಜ್ಜ ಇಲ್ಲ.